ಓದುಗರ ಪ್ರಶ್ನೆ: ಈ ಕಹಿ ಬಿಯರಿಗೆ ಇಂಡಿಯಾದ ಹೆಸರು ಯಾಕೆ?

ಪ್ರಶ್ನೆ: ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹೋದ ತಿಂಗಳು ಅವನಲ್ಲಿಗೆ ಹೋಗಿದ್ದಾಗ "ಮಾಮಾ, ಇದು ಐಪಿಎ, ನಮ್ಮ ಇಂಡಿಯಾದ್ದೇ" ಅಂತ ಒಂದು ಪಬ್ಬಿನಲ್ಲಿ ಬಿಯರ್ ಕುಡಿಸಿದ. ಮೊದಲ ಗುಟುಕಿಗೆ ಬೇವಿನೆಲೆ ಅಗಿದಂಗಾತು. ಎರಡನೇ ಗ್ಲಾಸಿಗೆ ಯಾಕೋ ಹಿತ ಅನ್ನಿಸ್ತು. ಊರಿಗೆ ಬಂದ ಮ್ಯಾಲೆ ರಾಯಚೂರಿನ ಒಂದು ಅಂಗಡಿಯಲ್ಲಿ ಕೇಳಿದರೆ "ಸ್ಟ್ರಾಂಗ್ ಬೇಕೋ, ಲೈಟ್ ಬೇಕೋ ಅಷ್ಟ ಹೇಳ್ರಿ" ಅಂದರು. ಇಂಡಿಯಾ ಹೆಸರಿನದು ನಮಗ ಯಾಕ ಸಿಗವಲ್ದು? ಒಳ್ಳೆಯ ಐಪಿಎ ಯಾವುದು?
ಒಬ್ಬ ಓದುಗ, ಮಟಮಾರಿ

ಉತ್ತರ: ಮಂತ್ರಾಲಯದ ಹಾದಿಯ ಊರಿನಿಂದ ಬಿಯರಿನ ಪ್ರಶ್ನೆ ಬಂದಿದೆ. ರಾಯರು ನಮ್ಮಿಬ್ಬರನ್ನೂ ಕ್ಷಮಿಸಲಿ. ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು ಎರಡನೇ ಗ್ಲಾಸಿನ ಮಾತು. ಐಪಿಎ ಬಾಯಿಗಿಟ್ಟ ಬಹಳ ಮಂದಿ ಮೊದಲ ಗುಟುಕಿಗೇ ಮುಖ ಹಿಂಡಿ ಗ್ಲಾಸು ಆಚೆ ಸರಿಸುತ್ತಾರೆ. ನೀವು ಸರಿಸಲಿಲ್ಲ. ಹಾಗಲಕಾಯಿ ಪಲ್ಯ ಎರಡನೇ ಸಲ ಬಡಿಸಿಕೊಳ್ಳುವ ಜಾತಿಯವರು ನೀವು ಅಂತ ಗೊತ್ತಾಯಿತು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹೆಸರಿನಿಂದ ಶುರು ಮಾಡೋಣ. ಐಪಿಎ ಅಂದರೆ ಇಂಡಿಯಾ ಪೇಲ್ ಏಲ್. ಪೇಲ್ ಅಂದರೆ ತಿಳಿಬಣ್ಣದ್ದು. ಹದವಾಗಿ ಒಣಗಿಸಿದ, ಸುಡದ ಬಾರ್ಲಿ ಮೊಳಕೆಯಿಂದ ಮಾಡಿದ್ದು. ಏಲ್ ಅಂದರೆ ತುಸು ಬೆಚ್ಚಗಿನ ಜಾಗದಲ್ಲಿ ಬೇಗ ಹುದುಗೆದ್ದ ಬಿಯರ್. ರಾಯಚೂರಿನ ಅಂಗಡಿಗಳಲ್ಲಿ ಸಾಲಾಗಿ ನಿಂತಿರುವುದು ಲಾಗರ್. ಅದು ತಣ್ಣಗೆ, ನಿಧಾನವಾಗಿ ಹುದುಗಿ ಮಾಗುವಂಥದ್ದು. ಇನ್ನು ಇಂಡಿಯಾ ಎಂಬ ಪದ. ಅದು ಹುಟ್ಟಿದೂರಿನ ಹೆಸರಲ್ಲ, ಪಾರ್ಸೆಲ್ಲಿನ ಮೇಲೆ ಬರೆದ ವಿಳಾಸ. ನಿಮ್ಮ ಅಳಿಯ "ನಮ್ಮ ಇಂಡಿಯಾದ್ದೇ" ಅಂದದ್ದು ಅರ್ಧ ನಿಜ ಮಾತ್ರ.

ಲಂಡನ್ನಿನ ಪೂರ್ವಕ್ಕೆ ಬೋ ಎಂಬಲ್ಲಿ ಜಾರ್ಜ್ ಹಾಡ್ಜ್‌ಸನ್ ಎಂಬಾತನ ಬಿಯರ್ ಭಟ್ಟಿ ಇತ್ತು. 18ನೇ ಶತಮಾನದ ಮಧ್ಯದಲ್ಲಿ ಶುರುವಾದದ್ದು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಲಂಗರು ಹಾಕುತ್ತಿದ್ದ ಬ್ಲ್ಯಾಕ್‌ವಾಲ್ ಅಲ್ಲಿಂದ ಮೂರು ಕಿಲೋಮೀಟರಿನಷ್ಟು ದೂರ. ಆ ಹಡಗುಗಳ ಕಪ್ತಾನರಿಗೆ ತಮ್ಮ ಸ್ವಂತ ಲೆಕ್ಕದಲ್ಲಿ ಒಂದಿಷ್ಟು ಸರಕು ಒಯ್ದು ಮಾರಿಕೊಳ್ಳಲು ಪರವಾನಗಿ ಇತ್ತು. ಹಾಡ್ಜ್‌ಸನ್ ಅವರಿಗೆ ಒಂದು, ಒಂದೂವರೆ ವರ್ಷದ ಉದ್ದರಿ ಕೊಡುತ್ತಿದ್ದ. ಹೋಗಿ ಮಾರಿ ಬಂದು ದುಡ್ಡು ಕೊಡಿ ಅನ್ನುವ ವ್ಯಾಪಾರಿಯನ್ನು ಯಾರು ಬಿಡುತ್ತಾರೆ? ಅವನ ಬಿಯರ್ ಇಂಡಿಯಾದಲ್ಲಿ ಹೆಸರಾದದ್ದರ ಹಿಂದೆ ರುಚಿಗಿಂತ ಹೆಚ್ಚಾಗಿ ಉದ್ದರಿಯ ಪುಸ್ತಕವಿದೆ.

ಇಲ್ಲೊಂದು ಕಟ್ಟುಕಥೆ ಓಡಾಡುತ್ತದೆ. ಮಾಮೂಲಿ ಬಿಯರ್ ಹಡಗಿನಲ್ಲಿ ಕೆಡುತ್ತಿತ್ತು, ಆಗ ಹಾಡ್ಜ್‌ಸನ್ ಮದ್ಯಸಾರ ಮತ್ತು ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) ಹೆಚ್ಚು ಸುರಿದು ಐಪಿಎಯನ್ನು ಕಂಡುಹಿಡಿದ ಅಂತ. ಪಬ್ಬಿನ ಮೆನು ಕಾರ್ಡಿನಲ್ಲಿ ಓದಲು ಚೆಂದ. ಆದರೆ ಅವನು ಹೊಸದಾಗಿ ಏನನ್ನೂ ಕಂಡುಹಿಡಿಯಲಿಲ್ಲ. ದೂರ ಹೋಗುವ, ಬಹಳ ದಿನ ಇಡುವ ಬಿಯರಿಗೆ ಹಾಪ್ಸ್ ಹೆಚ್ಚು ಹಾಕಬೇಕು ಅನ್ನುವುದು ಇಂಗ್ಲಿಷ್ ಭಟ್ಟಿಯವರಿಗೆಲ್ಲ ಮೊದಲೇ ಗೊತ್ತಿತ್ತು. ಪೋರ್ಟರ್ ಎಂಬ ಕಪ್ಪು ಬಿಯರ್ ಕೂಡ ಅದೇ ಹಡಗಿನಲ್ಲಿ ಬಂದು ಕೆಡದೆ ಇಳಿಯುತ್ತಿತ್ತು. ಸಾಮಾನ್ಯ ಸೋಲ್ಜರು ಕುಡಿಯುತ್ತಿದ್ದದ್ದು ಅದನ್ನೇ. ತಿಳಿಬಣ್ಣದ ಏಲ್ ಅಧಿಕಾರಿಗಳ, ಸಿವಿಲಿಯನ್ನರ ಮೇಜಿನದು. ಅದು ಆಗಿನ ಲೆಕ್ಕದಲ್ಲಿ ಜಬರ್ದಸ್ತ್ ಬಿಯರೂ ಆಗಿರಲಿಲ್ಲ.

1820ರ ಸುಮಾರಿಗೆ ಹಾಡ್ಜ್‌ಸನ್ ವಂಶದವರಿಗೆ ದುರಾಸೆ ಹತ್ತಿತು. ಉದ್ದರಿ ನಿಲ್ಲಿಸಿದರು, ಬೆಲೆ ಏರಿಸಿದರು, ಕಪ್ತಾನರನ್ನು ಬಿಟ್ಟು ತಾವೇ ಹಡಗಿನಲ್ಲಿ ಕಳಿಸಲು ನೋಡಿದರು. ಅದೇ ಹೊತ್ತಿಗೆ, 1822ರಲ್ಲಿ, ರಷ್ಯಾ ತನ್ನ ಸುಂಕ ಏರಿಸಿದ್ದರಿಂದ ಇಂಗ್ಲೆಂಡಿನ ಬರ್ಟನ್ ಎಂಬ ಊರಿನ ಭಟ್ಟಿಗಳ ಹಳೆಯ ವ್ಯಾಪಾರ ಬಿದ್ದುಹೋಗಿತ್ತು. ಕಂಪನಿಯ ಕ್ಯಾಂಪ್‌ಬೆಲ್ ಮಾರ್ಜೋರಿಬ್ಯಾಂಕ್ಸ್ ಎಂಬ ದೊಡ್ಡ ಮನುಷ್ಯ ಬರ್ಟನ್ನಿನ ಸ್ಯಾಮುಯೆಲ್ ಆಲ್‌ಸಪ್‌ನನ್ನು ಕರೆದು, ಹಾಡ್ಜ್‌ಸನ್ನನದರಂಥ ಬಿಯರ್ ನೀನು ಮಾಡಬಲ್ಲೆಯಾ ಅಂದ. ಆಲ್‌ಸಪ್‌ನ ಕೆಲಸಗಾರ ಮೊದಲ ಮಾದರಿಯನ್ನು ಟೀ ಪಾಟಿನಲ್ಲಿ ಕುದಿಸಿ ತೋರಿಸಿದ ಅಂತ ಹೇಳುತ್ತಾರೆ. ಟೀ ಪಾಟೋ, ಹಂಡೆಯೋ, ಕೆಲಸ ಮಾಡಿದ್ದು ಬರ್ಟನ್ನಿನ ನೀರು. ಅಲ್ಲಿನ ಬಾವಿಗಳ ನೀರಿನಲ್ಲಿ ಜಿಪ್ಸಮ್ ಹೆಚ್ಚು. ಆ ಗಡಸು ನೀರಿನಲ್ಲಿ ಹಾಪ್ಸಿನ ಕಹಿ ಒರಟಾಗದೆ ಚುರುಕಾಗಿ, ಸ್ವಚ್ಛವಾಗಿ ನಿಲ್ಲುತ್ತದೆ. ಹಾಡ್ಜ್‌ಸನ್ ಹಿಂದೆ ಬಿದ್ದ. ಆಲ್‌ಸಪ್ ಮತ್ತು ಅದೇ ಊರಿನ ಬಾಸ್ ಭಟ್ಟಿಯವರು ಮುಂದೆ ಬಂದರು. ಇನ್ನೊಂದು ತಮಾಷೆ ಕೇಳಿ. 'ಈಸ್ಟ್ ಇಂಡಿಯಾ ಪೇಲ್ ಏಲ್' ಎಂಬ ಹೆಸರು ಅಚ್ಚಿನಲ್ಲಿ ಕಾಣಿಸಿಕೊಂಡ ಅತ್ಯಂತ ಹಳೆಯ ಜಾಹೀರಾತುಗಳಲ್ಲಿ ಒಂದು 1829ರದು, ಅದೂ ಆಸ್ಟ್ರೇಲಿಯಾದ ಸಿಡ್ನಿಯ ಪತ್ರಿಕೆಯಲ್ಲಿ.

ನಿಮ್ಮ ಸೀಮೆಗೂ ಇದಕ್ಕೂ ಏನು ಸಂಬಂಧ ಅನ್ನುತ್ತೀರಾ? ನಿಮ್ಮ ಒಂದು ಕಡೆ ಬಳ್ಳಾರಿ, ಮದ್ರಾಸ್ ಪ್ರಾಂತ್ಯದ ದೊಡ್ಡ ದಂಡು. ಇನ್ನೊಂದು ಕಡೆ ಲಿಂಗಸೂಗೂರು, ಹೈದರಾಬಾದ್ ಕಂಟಿಂಜೆಂಟ್ ಎಂಬ ಸೇನೆಯ ಪಾಳೆಯ. ದಂಡು ಇದ್ದಲ್ಲಿ ಪೀಪಾಯಿ ಇರಲೇಬೇಕು. 1871ರಲ್ಲಿ ಮುಂಬಯಿ ಕಡೆಯ ರೈಲುದಾರಿ ಮತ್ತು ಮದ್ರಾಸ್ ಕಡೆಯ ರೈಲುದಾರಿ ರಾಯಚೂರಿನಲ್ಲೇ ಕೈ ಕುಲುಕಿದವು. ಮದ್ರಾಸಿನಿಂದ ಬಂದ ಕಂಬಿ ಹಾದುಹೋದದ್ದು ನಿಮ್ಮ ಮಟಮಾರಿಯ ಮೇಲೆಯೇ. ಆ ಕಾಲದಲ್ಲಿ ಸಾಹೇಬರ ಮನೆಗಳಲ್ಲಿ ಬಿಯರ್ ತಣ್ಣಗೆ ಮಾಡಲೆಂದೇ ಆಬ್ದಾರ ಎಂಬ ಆಳು ಇರುತ್ತಿದ್ದ. ಪೆಟ್ಲುಪ್ಪು ಕರಗಿಸಿದ ನೀರು ತಣ್ಣಗಾಗುತ್ತದಲ್ಲ, ಅದರಲ್ಲಿ ಬಾಟಲಿ ತಿರುಗಿಸುತ್ತ ಕೂರುವುದು ಅವನ ಕೆಲಸ. ಮದ್ದಿನ ಪುಡಿಗೆ ಬೇಕಾದ ಉಪ್ಪಿನಿಂದ ಬಿಯರ್ ತಂಪು! ರಾಯಚೂರಿನ ಮೇ ತಿಂಗಳ ಬಿಸಿಲು ಕಂಡವರಿಗೆ ಆ ಆಳಿನ ಬೆಲೆ ಗೊತ್ತಾಗುತ್ತದೆ.

ಹಾಗಾದರೆ ಆ ಪೇಲ್ ಏಲ್ ಎಲ್ಲಿ ಕಾಣೆಯಾಯಿತು? ಐಸ್ ಯಂತ್ರ ಬಂತು, ಜರ್ಮನ್ ರೀತಿಯ ಲಾಗರ್ ಬಂತು, ಸೆಕೆಯ ನಾಡಿಗೆ ತಣ್ಣನೆಯ ತೆಳು ಬಿಯರ್ ಒಗ್ಗಿತು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್‌ಲೆಂಡಿನವನು ನೀಲಗಿರಿ, ಬೆಂಗಳೂರು ಕಡೆಯ ಐದು ಭಟ್ಟಿಗಳನ್ನು ಒಟ್ಟು ಮಾಡಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಆಗ ಅದರ ಪೀಪಾಯಿಗಳು ಎತ್ತಿನ ಗಾಡಿಯಲ್ಲಿ ದಂಡಿಗೆ ಹೋಗುತ್ತಿದ್ದವು. 1947ರಲ್ಲಿ ವಿಠಲ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು, ಮುಂದೆ ಕಿಂಗ್‌ಫಿಷರ್ ಬಂತು, ಉಳಿದದ್ದು ನಿಮಗೆ ಗೊತ್ತಿರುವ ಕಥೆ. ನಮ್ಮ ಮಾರುಕಟ್ಟೆ ಮೊದಲು ಲಾಗರಿನದಾಯಿತು, ಆಮೇಲೆ ಸ್ಟ್ರಾಂಗ್ ಲಾಗರಿನದು. ನಿಮ್ಮ ಅಂಗಡಿಯವ ಎರಡೇ ಪ್ರಶ್ನೆ ಕೇಳಿದ್ದು ಅವನ ತಪ್ಪಲ್ಲ. ಆದರೆ ಅವನ ಎರಡು ಖಾನೆಗಳಲ್ಲಿ ಐಪಿಎ ಕೂರುವುದಿಲ್ಲ. ಸ್ಟ್ರಾಂಗ್ ಅನ್ನುವುದು ಮದ್ಯಸಾರದ ಲೆಕ್ಕ, ನಮ್ಮಲ್ಲಿ ಶೇ. 8ರವರೆಗೆ. ಐಪಿಎಯ ಲೆಕ್ಕ ಕಹಿಯದು, ಪರಿಮಳದ್ದು. ಮದ್ಯಸಾರ ಸಾಮಾನ್ಯವಾಗಿ ಶೇ. 5.5ರಿಂದ 7.5, ಕಹಿಯನ್ನು ಅಳೆಯುವ ಐಬಿಯು ಎಂಬ ಮಾನದಲ್ಲಿ ಮಾತ್ರ 40ರಿಂದ 70. ಮಾಮೂಲಿ ಲಾಗರಿನದು 10, 15ರ ಆಸುಪಾಸು.

ಈ ಕಹಿ ಬರುವುದು ಹಾಪ್ಸ್ ಎಂಬ ಬಳ್ಳಿಯ ಹೆಣ್ಣು ಹೂವಿನಿಂದ. ಗಾಂಜಾ ಗಿಡದ ದಾಯಾದಿ. ಆದರೆ ಆ ನಶೆ ಇದರಲ್ಲಿಲ್ಲ. ಬೇಸಿಗೆಯಲ್ಲಿ ಬಲು ಉದ್ದದ ಹಗಲು, ಚಳಿಗಾಲದಲ್ಲಿ ಗಟ್ಟಿ ಚಳಿ ಎರಡೂ ಬೇಕು ಅದಕ್ಕೆ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆದದ್ದುಂಟು. ದೇವದುರ್ಗದಲ್ಲಿ, ಮಾನ್ವಿಯಲ್ಲಿ ಕಾಲುವೆ ನೀರು ಎಷ್ಟಿದ್ದರೂ ಈ ಬಳ್ಳಿ ಹಬ್ಬುವುದಿಲ್ಲ.

ಹಾಪ್ಸ್ ಹೇಗೆ ಕೆಲಸ ಮಾಡುತ್ತದೆ ಎಂದು ನಿಮಗೆ ಹೇಳುವುದು ಬೆಂಗಳೂರಿನವರಿಗೆ ಹೇಳುವುದಕ್ಕಿಂತ ಸುಲಭ. ನಿಮ್ಮ ಕಡೆ ಯುಗಾದಿಗೆ ಬೇವು ತಿನ್ನುವುದಿಲ್ಲ, ಕುಡಿಯುತ್ತಾರೆ. ಹೊಸ ಮಣ್ಣಿನ ಗಡಿಗೆಯಲ್ಲಿ ಹುಣಸೆ ನೀರು, ಬೆಲ್ಲ, ಮಾವಿನಕಾಯಿ, ಪುಟಾಣಿ, ಕೊನೆಗೆ ಮೇಲೆ ಉದುರಿಸಿದ ಬೇವಿನ ಹೂ. ಅದೇ ಹೂವನ್ನು ಒಲೆಯ ಮೇಲಿಟ್ಟು ತಾಸುಗಟ್ಟಲೆ ಕುದಿಸಿದರೆ? ಕಷಾಯವಾಗುತ್ತದೆ, ಪರಿಮಳ ಹಾರಿಹೋಗುತ್ತದೆ. ಹಾಪ್ಸಿನದೂ ಇದೇ ಗುಟ್ಟು. ಕುದಿಯ ಮೊದಲಲ್ಲಿ ಹಾಕಿದ್ದು ಕಹಿ ಕೊಡುತ್ತದೆ. ಕೊನೆಯಲ್ಲಿ, ಅಥವಾ ಬಿಯರ್ ಹುದುಗಿ ತಣ್ಣಗಾದ ಮೇಲೆ ಹಾಕಿದ್ದು ಪರಿಮಳ ಕೊಡುತ್ತದೆ. ಹಡಗಿಗೆ ಏರಿಸುವ ಮುಂಚೆ ಪೀಪಾಯಿಯೊಳಗೆ ಒಂದು ಹಿಡಿ ಒಣ ಹಾಪ್ಸ್ ತುರುಕುತ್ತಿದ್ದರು; ಅದು ನಿಮ್ಮ ಗಡಿಗೆಯ ಮೇಲಿನ ಬೇವಿನ ಹೂವಿನ ಲೆಕ್ಕವೇ. ಹಾಪ್ಸಿನ ಎಣ್ಣೆಯಲ್ಲಿರುವ ಮಿರ್ಸೀನ್ ಮಾವಿನ ಹಣ್ಣಿನಲ್ಲೂ ಇದೆ, ಲಿನಲೂಲ್ ಕೊತ್ತಂಬರಿ ಬೀಜದಲ್ಲೂ ಇದೆ. ಎರಡನೇ ಗ್ಲಾಸಿನಲ್ಲಿ ನಿಮಗೆ ಹಿತವಾಗಿ ಕಂಡದ್ದು ಅವೇ ಇರಬೇಕು. ಮೊದಲ ಗ್ಲಾಸಿನಲ್ಲಿ ಕಹಿಯ ಅಬ್ಬರಕ್ಕೆ ಅವು ಕೇಳಿಸಿರಲಿಕ್ಕಿಲ್ಲ.

ಈ ಪರಿಮಳದ ಹುಚ್ಚು ಹಿಡಿಸಿದವರು ಅಮೆರಿಕದವರು. ಅಲ್ಲಿ ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿ 1972ರಲ್ಲಿ ಬಿಡುಗಡೆಯಾಯಿತು. ಚಕ್ಕೋತದ ಸಿಪ್ಪೆ ಉಗುರಿನಿಂದ ಗೀರಿದರೆ ಬರುತ್ತದಲ್ಲ, ಆ ವಾಸನೆ. 1980ರಲ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಭಟ್ಟಿ ಅದನ್ನು ಧಾರಾಳವಾಗಿ ಸುರಿದು ಪೇಲ್ ಏಲ್ ಮಾಡಿತು. ಆಮೇಲೆ ಸಿಟ್ರಾ ತಳಿ ಬಂತು, ಮೊಸಾಯಿಕ್ ಬಂತು, ವರ್ಮಾಂಟ್ ಕಡೆಯಿಂದ ಮಾವಿನ ರಸದಂತೆ ಮಬ್ಬಾಗಿ ಕಾಣುವ ಐಪಿಎ ಬಂತು. ಸತ್ತೇಹೋಯಿತು ಅಂದುಕೊಂಡಿದ್ದ ಇಂಗ್ಲಿಷ್ ಬಿಯರೊಂದು ಅಮೆರಿಕದಲ್ಲಿ ಮರುಹುಟ್ಟು ಪಡೆದು, ಅಲ್ಲಿಂದ ಬೆಂಗಳೂರಿಗೆ ಇಳಿಯಿತು. ತನ್ನ ಹೆಸರಿನ ದೇಶಕ್ಕೆ ಅದು ಬಂದ ದಾರಿ ಅದು.

ಬೆಂಗಳೂರಿನ ಮೊದಲ ಮೈಕ್ರೋಬ್ರೂವರಿ (ಅಲ್ಲೇ ಬಿಯರ್ ಮಾಡಿ ಅಲ್ಲೇ ಬಡಿಸುವ ಪಬ್ಬು), ಲ್ಯಾವೆಲ್ ರಸ್ತೆಯ ಬಿಯರ್ ಕ್ಲಬ್, ತೆರೆದದ್ದು 2011ರಲ್ಲಿ. ಇಂದಿರಾನಗರದ ಟಾಯ್ಟ್ ಅದರ ಬೆನ್ನಿಗೇ ಬಂತು. ಅಲ್ಲಿ ಬಾಸ್ಮತಿ ಅಕ್ಕಿ ಹಾಕಿದ ಬಿಯರೊಂದಿದೆ; ಸೋನಾ ಮಸೂರಿಯ ಸೀಮೆಯವರಾದ ನಿಮಗೆ ನಗು ಬಂದೀತು. 2012ರಲ್ಲಿ ಮೆಗ್ರಾತ್ ರಸ್ತೆಯಲ್ಲಿ ಆರ್ಬರ್ ಬ್ರೂಯಿಂಗ್ ಕಂಪನಿ, ಎಲ್ಲರ ಬಾಯಲ್ಲಿ ಎಬಿಸಿ, ತೆರೆಯಿತು. ಅದರ ಬೇರು ಮಿಶಿಗನ್ನಿನ ಆ್ಯನ್ ಆರ್ಬರ್ ಊರಿನಲ್ಲಿದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಒಳ್ಳೆಯದು ಯಾವುದು? ಹೆಸರು ಹೇಳುವ ಮುಂಚೆ ಸೇಂದಿಯ ಮಾತು ಬರಲೇಬೇಕು. ಕರಾವಳಿ ಬಿಟ್ಟು ಉಳಿದೆಡೆ ಅದಕ್ಕೆ ಕಾನೂನಿನ ಅಡ್ಡಿ ಇದೆ. ನಿಮ್ಮ ಜಿಲ್ಲೆಯಲ್ಲಿ ಕದ್ದು ಮಾರುವುದರಲ್ಲಿ ಸಿಎಚ್ ಪೌಡರ್ ಎಂಬ ಮತ್ತಿನ ಪುಡಿ ಬೆರೆಸಿ ಎಷ್ಟು ಮನೆ ಹಾಳಾಗಿವೆ ಅನ್ನುವುದು ನಿಮಗೆ ನನಗಿಂತ ಗೊತ್ತು. ಅತ್ತ ಕೈ ಹಾಕಬೇಡಿ. ಆದರೆ ಈಚಲ ಮರದಿಂದ ಇಳಿಸಿದ ಸೇಂದಿ ಕಂಡ ಹಳಬರನ್ನು ಕೇಳಿ ನೋಡಿ. ಯಾವ ಮರದ್ದು ಒಳ್ಳೆಯದು ಅಂತ ಅವರು ಹೇಳುವುದಿಲ್ಲ, ಎಷ್ಟು ಹೊತ್ತಿಗೆ ಇಳಿಸಿದ್ದು ಅಂತ ಕೇಳುತ್ತಾರೆ. ಮುಂಜಾನೆಯದು ಬೇರೆ, ಸಂಜೆಯದು ಬೇರೆ. ಐಪಿಎಗೂ ಇದೇ ನ್ಯಾಯ. ಆರು ತಿಂಗಳ ಹಡಗಿನ ಪ್ರಯಾಣಕ್ಕೆ ತಾಳಿದ ಬಿಯರು ಅನ್ನುವ ಖ್ಯಾತಿ ಹೊತ್ತು ತಿರುಗುವ ಈ ಬಿಯರ್, ಅದರ ಇಂದಿನ ರೂಪದಲ್ಲಿ, ಎಲ್ಲಕ್ಕಿಂತ ಬೇಗ ಸೊರಗುವಂಥದ್ದು. ಕಹಿ ಉಳಿಯುತ್ತದೆ, ಪರಿಮಳ ಹೋಗುತ್ತದೆ. ಉಳಿದದ್ದು ತೇವ ಹಿಡಿದ ಕಾಗದದ ರುಚಿ.

ಭಟ್ಟಿಯವರಲ್ಲಿ 3-30-300 ಅನ್ನುವ ಒಂದು ಕೈಲೆಕ್ಕವಿದೆ. 32 ಡಿಗ್ರಿಯಲ್ಲಿ 3 ದಿನ ಇಟ್ಟರೆ ಬಿಯರಿಗೆ ಆಗುವ ಕೇಡು, 22 ಡಿಗ್ರಿಯಲ್ಲಿ 30 ದಿನ ಇಟ್ಟರೆ ಆಗುವಷ್ಟು. ಫ್ರಿಜ್ಜಿನ 3 ಡಿಗ್ರಿಯಲ್ಲಾದರೆ 300 ದಿನ. ಏಪ್ರಿಲ್ಲಿನಲ್ಲಿ ನಿಮ್ಮಲ್ಲಿ 40 ದಾಟುತ್ತದೆ. ಲಾರಿಯಲ್ಲಿ ಎರಡು ದಿನ, ಗೋದಾಮಿನಲ್ಲಿ ಎರಡು ವಾರ ಬೆಂದು ಬಂದ ಐಪಿಎಯನ್ನು ಅಂಗಡಿಯವ ಎಷ್ಟು ತಣ್ಣಗೆ ಮಾಡಿ ಕೊಟ್ಟರೂ ಅದು ಸತ್ತ ಮೇಲಿನ ಶೃಂಗಾರ. ಬಿಸಿಲಿನದು ಇನ್ನೊಂದು ಕಾಟ. ಹಾಪ್ಸಿನ ಕಹಿಗೆ ಬೆಳಕು ತಗುಲಿದರೆ ಗಂಧಕ ಸೇರಿದ ಒಂದು ದುರ್ವಾಸನೆ ಹುಟ್ಟುತ್ತದೆ. ಕಂದು ಬಾಟಲಿ ಅದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಬಾಟಲಿ ತಡೆಯುವುದಿಲ್ಲ, ಕ್ಯಾನ್ ಪೂರ್ತಿ ತಡೆಯುತ್ತದೆ. ನಾನೊಮ್ಮೆ ಬೇಸಿಗೆಯಲ್ಲಿ, ಹೆದ್ದಾರಿ ಬದಿಯ ಅಂಗಡಿಯೊಂದರಲ್ಲಿ, ಕಿಟಕಿಯಲ್ಲಿ ಹೊಳೆಯುತ್ತಿದ್ದ ಹಸಿರು ಬಾಟಲಿಗೆ ಮರುಳಾಗಿ ದುಡ್ಡು ಕೊಟ್ಟೆ. ಮುಚ್ಚಳ ತೆಗೆದದ್ದೇ ತಡ, ಜೊತೆಗಿದ್ದವರು ಕಾರಿನ ಕಿಟಕಿ ಇಳಿಸಿದರು.

ಆದ್ದರಿಂದ ರಾಯಚೂರಿನಲ್ಲಿ ಎಂದಾದರೂ ಐಪಿಎ ಕಣ್ಣಿಗೆ ಬಿದ್ದರೆ ಮೊದಲು ತುಂಬಿಸಿದ ತಾರೀಖು ನೋಡಿ. ಎರಡು ತಿಂಗಳ ಒಳಗಿನದು, ಕ್ಯಾನು, ಫ್ರಿಜ್ಜಿನಲ್ಲೇ ಇದ್ದದ್ದು, ಈ ಮೂರೂ ಕೂಡಿದರೆ ಕೊಳ್ಳಿ. ಇಲ್ಲದಿದ್ದರೆ ಆ ದುಡ್ಡಿಗೆ ತಣ್ಣನೆಯ ಮಾಮೂಲಿ ಲಾಗರೇ ವಾಸಿ. ಅದರಲ್ಲಿ ಕಳೆದುಕೊಳ್ಳುವ ಪರಿಮಳವೇ ಕಡಿಮೆ.

ಬೆಂಗಳೂರಿನಲ್ಲಾದರೆ ನನ್ನ ಪಕ್ಷಪಾತ ಎಬಿಸಿಯ 'ರೇಜಿಂಗ್ ಎಲಿಫೆಂಟ್' ಕಡೆಗೆ. ಹೆಸರಿನ ಮದ್ದಾನೆ ಗ್ಲಾಸಿನಲ್ಲಿ ಕಾಣುವುದಿಲ್ಲ. ಕಹಿಯ ಅಡಿಯಲ್ಲಿ ಬಾರ್ಲಿಯ ಸಿಹಿ ಗಟ್ಟಿಯಾಗಿ ನಿಂತಿರುತ್ತದೆ, ಹಾಗಾಗಿ ಕುಡಿದು ಮುಗಿಸಬಹುದು. ಅವರದೇ 'ಬೀಚ್ ಶ್ಯಾಕ್' ಇನ್ನೂ ಹಗುರ, ಕ್ಯಾನಿನಲ್ಲಿ ಬರುತ್ತದೆ. ಗೀಸ್ಟ್ ಭಟ್ಟಿಯವರ 'ಕಾಮಚಿತ್ರ' ಅನ್ನುವುದು ಸಿಟ್ರಾ ಹಾಪ್ಸಿನ ಮೇಲೆ ಮಾಡಿದ ಶ್ಲೇಷೆ; ಮಾವು, ನಿಂಬೆಯ ಘಮ ಇಷ್ಟವಿದ್ದವರಿಗೆ ಅದು. ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್‌ನಲ್ಲಿ ಪುಸ್ತಕದ ಕಪಾಟು, ಜಾಜ್ ಸಂಗೀತದ ನಡುವೆ ಒಳ್ಳೆಯ ಐಪಿಎ ಸಿಗುತ್ತದೆ, ಆದರೆ ರೊಕ್ಕ ನೋಡಿಕೊಂಡು ಹೋಗಿ. ಗೋವಾಕ್ಕೆ ಹೋದರೆ 'ಏಯ್ಟ್ ಫಿಂಗರ್ ಎಡ್ಡಿ' ಕೇಳಿ. ಅಂಜುನಾ ಕಡಲತೀರದ ಹಿಪ್ಪಿಗಳ ಹಿರಿಯನ ಹೆಸರದು, ಅವನಿಗೆ ಎಂಟೇ ಬೆರಳು. ನಿಮ್ಮ ಅಳಿಯನಿಗೆ ಕಂಪನಿಯವರು ಇಂಗ್ಲೆಂಡಿಗೆ ಟಿಕೆಟ್ ಕೊಟ್ಟರೆ, ಡರ್ಬಿಶೈರಿನಲ್ಲಿ 2005ರಿಂದ ಮಾಡುತ್ತಿರುವ 'ಜೈಪುರ್' ಕುಡಿದು ಬರಲು ಹೇಳಿ. ನಾನು ಮೆಚ್ಚಿದ ಇಂಗ್ಲಿಷ್ ಐಪಿಎಗಳಲ್ಲಿ ಅದೇ ಮೇಲು. ಡಬಲ್ ಐಪಿಎ ಅಂತ ಬರೆದ ಕಡೆಗೆ ಈಗಲೇ ಹೋಗಬೇಡಿ. ಅದು ಕಹಿಯಲ್ಲೂ ಮದ್ಯಸಾರದಲ್ಲೂ ಜಂಬ ಹೊಡೆಯುವವರ ಆಟ.

ಜೊತೆಗೆ ಏನು ತಿನ್ನಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ನಿಮ್ಮ ಸೀಮೆಯವರ ಕೈ ತಾನಾಗಿ ಒಗ್ಗರಣಿ-ಮಿರ್ಚಿಯ ಕಡೆ ಹೋಗುತ್ತದೆ. ಬೇಡ. ಹಾಪ್ಸಿನ ಕಹಿ ಮೆಣಸಿನಕಾಯಿಯ ಉರಿಯನ್ನು ಆರಿಸುವುದಿಲ್ಲ, ಊದಿ ಹೆಚ್ಚಿಸುತ್ತದೆ. ಮಿರ್ಚಿಗೆ ಗೋಧಿ ಬಿಯರ್ ಸರಿ. ಐಪಿಎಗೆ ಹುರಿದ ಶೇಂಗಾ, ಎಣ್ಣೆಯಲ್ಲಿ ಕರಿದ ಹೊಳೆಮೀನು, ಕೊಬ್ಬಿರುವ ಮಟನ್. ಜಿಡ್ಡನ್ನು ಅದು ಚೆನ್ನಾಗಿ ಕತ್ತರಿಸುತ್ತದೆ.

ಮೈಕ್ರೋಬ್ರೂವರಿಗೆ ಹೋದಾಗ ಮೆನು ನೋಡುವ ಮುಂಚೆ ಬಡಿಸುವ ಹುಡುಗನನ್ನು ಒಂದೇ ಪ್ರಶ್ನೆ ಕೇಳಿ: ಈ ಐಪಿಎ ಟ್ಯಾಂಕಿನಿಂದ ಯಾವಾಗ ಬಂತು? ಈ ವಾರ ಅಂದರೆ ತರಿಸಿ, ಬಾಯಿ ತಡವರಿಸಿದರೆ ಬೇರೆ ಏನಾದರೂ ಹೇಳಿ. ಇಡೀ ಗ್ಲಾಸಿಗೆ ಮುಂಚೆ ಸಣ್ಣ ಲೋಟದಲ್ಲಿ ರುಚಿ ಕೇಳಲು ನಾಚಿಕೆ ಬೇಡ, ಅಲ್ಲಿ ಅದು ರೂಢಿ. ಮತ್ತೆ, ಕಾರು ಒಯ್ಯಬೇಡಿ. ಮುಂಬಯಿಯಿಂದ ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಓಡುವುದು ಅದೇ ಹಳೆಯ ಕಂಬಿಯ ಮೇಲೆ, ನಿಮ್ಮೂರಿನ ಮೇಲೆಯೇ. ಆದರೆ ಅದು ಮಟಮಾರಿಯಲ್ಲಿ ನಿಲ್ಲುವುದಿಲ್ಲ, ರಾಯಚೂರಿಗೆ ಹೋಗಿ ಹತ್ತಬೇಕು.